ಚೇತಕ್ ಹೆಲಿಕಾಪ್ಟರ್: ಎಡಬಾಗಿಲಲ್ಲಿ ಕುಳಿತವನ ವಿಮರ್ಶೆ

ಎರಡು ಸಲ ಚಟ್ನಿ ರುಬ್ಬಿ ನೋಡಿ ಮಿಕ್ಸಿಗೆ ಐದು ನಕ್ಷತ್ರ ಕೊಡುವವರ ಕಾಲ ಇದು. ಆ ಲೆಕ್ಕದಲ್ಲಿ ನನ್ನ ವಿಮರ್ಶೆಗೆ ತುಸು ಹೆಚ್ಚು ಬೆಲೆ ಸಿಗಬೇಕು. ನೌಕಾಪಡೆಯಲ್ಲಿ ನಾನು ವಿಂಚ್ ಆಪರೇಟರ್ ಆಗಿದ್ದೆ. ಹೆಲಿಕಾಪ್ಟರಿನ ಎಡಬಾಗಿಲಲ್ಲಿ ಮಂಡಿಯೂರಿ, ಕೆಳಗಿನ ನೀರಿಗೆ ಉಕ್ಕಿನ ಹಗ್ಗ ಇಳಿಸಿ, ಮನುಷ್ಯರನ್ನು ಮೇಲಕ್ಕೆ ಎತ್ತಿಕೊಳ್ಳುವುದು ನನ್ನ ಕೆಲಸ. ಆ ಹೆಲಿಕಾಪ್ಟರಿನ ಹೆಸರು ಚೇತಕ್. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದದ್ದು, ಜಾತಕ ಮಾತ್ರ ಫ್ರಾನ್ಸಿನದು. ನೀವು ಇದನ್ನು ಕೊಂಡು ಮನೆಗೆ ತರುವ ಸಂಭವ ಇಲ್ಲ. ಆದರೆ ಕರಾವಳಿಯಲ್ಲಿ ದೋಣಿ ಇಟ್ಟುಕೊಂಡವರಿಗೆ, ಆಳಸಮುದ್ರದ ಬೋಟಿಗೆ ದುಡಿಯಲು ಹೋಗುವವರಿಗೆ, ಇದರ ಸೇವೆ ಪಡೆಯುವ ಗಳಿಗೆ ಹೇಳದೆ ಕೇಳದೆ ಬರುತ್ತದೆ. ಗ್ರಾಹಕರಿಗೆ ಮಾಹಿತಿ ಇರುವುದು ಒಳ್ಳೆಯದು.

ತೀರ್ಪನ್ನು ಮೊದಲೇ ಕೊಟ್ಟುಬಿಡುತ್ತೇನೆ. ಹಗಲು ಹೊತ್ತು, ದಡದಿಂದ ತೀರಾ ದೂರವಲ್ಲದ ಕಡೆ, ಒಬ್ಬಿಬ್ಬರನ್ನು ಎತ್ತಬೇಕಾದ ಕೆಲಸಕ್ಕೆ ನಾಲ್ಕೂವರೆ ನಕ್ಷತ್ರ. ರಾತ್ರಿಗೆ ಒಂದೂವರೆ. ಆ ಒಂದೂವರೆಯೂ ಯಂತ್ರಕ್ಕಲ್ಲ, ಓಡಿಸಿದ ಪೈಲಟ್‌ಗಳ ಎದೆಗಾರಿಕೆಗೆ. 1962ರಲ್ಲಿ ಇದನ್ನು ಆರಿಸಿದವರಿಗೆ ಪೂರ್ತಿ ಅಂಕ. ಅರವತ್ತು ವರ್ಷ ಕಳೆದರೂ ಬದಲಿ ಯಂತ್ರ ತರದೆ ಇದರ ಬೆನ್ನ ಮೇಲೆಯೇ ಹೊರೆ ಹೇರುತ್ತ ಹೋದವರಿಗೆ ಎಷ್ಟು ಕೊಡಬೇಕು ಎಂಬುದನ್ನು ಓದಿದ ಮೇಲೆ ನೀವೇ ನಿರ್ಧರಿಸಿ.

ಆರಿಸಿದವರ ಜಾಣತನದಿಂದ ಆರಂಭಿಸೋಣ. ಫ್ರಾನ್ಸಿನ ಸೂದ್ ಏವಿಯಾಸಿಯೋಂ ಕಂಪನಿಯ ಆಲುಎಟ್ 3 ಹೆಲಿಕಾಪ್ಟರ್ ಮೊದಲ ಸಲ ಹಾರಿದ್ದು 1959ರ ಫೆಬ್ರುವರಿ 28ರಂದು. ಮರುವರ್ಷವೇ ಏಳು ಜನರನ್ನು ಕೂರಿಸಿಕೊಂಡು ಮೋಂ ಬ್ಲಾಂ ಶಿಖರದ ಮೇಲೆ, ಅಂದರೆ 4,810 ಮೀಟರ್ ಎತ್ತರದಲ್ಲಿ, ಇಳಿದು ಮತ್ತೆ ಏರಿತು. ಅದಾಗಿ ಐದು ತಿಂಗಳಿಗೆ ಹಿಮಾಲಯಕ್ಕೆ ಬಂದು 6,004 ಮೀಟರ್ ಎತ್ತರದಲ್ಲಿ ಇಳಿದು ತೋರಿಸಿತು. ಉತ್ತರದ ಗಡಿಯ ಚಿಂತೆಯಲ್ಲಿದ್ದ ದೇಶಕ್ಕೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕಿರಲಿಲ್ಲ. 1962ರಲ್ಲಿ ಪರವಾನಗಿಯ ಒಪ್ಪಂದವಾಯಿತು, 1965ರ ಹೊತ್ತಿಗೆ ಎಚ್‌ಎಎಲ್ ಜೋಡಿಸಿದ ಯಂತ್ರಗಳು ಬೆಂಗಳೂರಿನ ಆಕಾಶದಲ್ಲಿದ್ದವು. ರಾಣಾ ಪ್ರತಾಪನ ಕುದುರೆಯ ಹೆಸರು ಅಂಟಿಕೊಂಡಿತು. ಮುಂದೆ ಮುನ್ನೂರಕ್ಕೂ ಹೆಚ್ಚು ಚೇತಕ್‌ಗಳು ಅದೇ ವಿಮಾನಪುರದಿಂದ ಹೊರಬಿದ್ದವು.

ಕಾಗದದ ಮೇಲಿನ ಗುಣಗಳಲ್ಲಿ ನಾನು ಮೊದಲು ಹೊಗಳುವುದು ಎಂಜಿನನ್ನು. ಟರ್ಬೊಮೆಕಾದ ಆರ್ಟೂಸ್ಟ್ 3ಬಿ. ಅದರ ನಿಜವಾದ ಶಕ್ತಿ 870 ಅಶ್ವಶಕ್ತಿ. ಹೆಲಿಕಾಪ್ಟರಿನಲ್ಲಿ ಬಳಸಲು ಬಿಡುವುದು 570 ಮಾತ್ರ. ಉಳಿದದ್ದು ಗಂಟು. ಗಾಳಿ ತೆಳುವಾದರೆ ಅಥವಾ ಕಾದರೆ ಯಾವ ಎಂಜಿನ್ ಆದರೂ ಸೊರಗುತ್ತದೆ. ಆರ್ಟೂಸ್ಟ್ ಸೊರಗಿದರೂ ಆ ಗಂಟಿನಿಂದ ತೆಗೆದು 570ನ್ನು ಕೊಡುತ್ತಲೇ ಇರುತ್ತದೆ. ಮೇ ತಿಂಗಳ ಮಧ್ಯಾಹ್ನ ಅರಬ್ಬಿ ಸಮುದ್ರದ ಮೇಲೆ, ಉಸಿರು ಕಟ್ಟಿಸುವ ಸೆಕೆಯಲ್ಲಿ, ಒದ್ದೆ ಮನುಷ್ಯನೊಬ್ಬ ಹಗ್ಗದಲ್ಲಿ ನೇತಾಡುತ್ತಿರುವಾಗ ಆ ಗಂಟಿನ ಬೆಲೆ ಗೊತ್ತಾಗುತ್ತದೆ. ಸಿಯಾಚಿನ್‌ನಲ್ಲಿ ಗೊತ್ತಾದದ್ದೂ ಅದೇ. 1978ರ ಅಕ್ಟೋಬರ್‌ನಲ್ಲಿ ಆ ಹಿಮನದಿಯ ಮೇಲೆ ಇಳಿದ ವಾಯುಪಡೆಯ ಮೊದಲ ಹೆಲಿಕಾಪ್ಟರ್ ಚೇತಕ್ಕೇ. ಆಮೇಲೆ ಆ ಎತ್ತರದ ಕೆಲಸವನ್ನು ಅದರ ತಮ್ಮನಂತಿರುವ ಚೀತಾ ವಹಿಸಿಕೊಂಡಿತು.

ಎಂಜಿನ್ ಇರುವ ಜಾಗವೂ ಹೇಳಬೇಕಾದದ್ದು. ಅದಕ್ಕೆ ಮುಚ್ಚಳ ಇಲ್ಲ. ಕ್ಯಾಬಿನ್ನಿನ ಹಿಂದೆ, ರೋಟರಿನ (ಮೇಲೆ ತಿರುಗುವ ರೆಕ್ಕೆಗಳ) ಗೇರ್‌ಬಾಕ್ಸ್‌ಗೆ ಅಂಟಿಕೊಂಡು, ಮಳೆಗೂ ಬಿಸಿಲಿಗೂ ಮೈಯೊಡ್ಡಿ ಬಯಲಲ್ಲೇ ಮಲಗಿರುತ್ತದೆ. ಹೊಸಬರು ಮೊದಲ ದಿನ ನೋಡಿ ಕವಚ ಹಾಕುವುದನ್ನು ಯಾರೋ ಮರೆತಿದ್ದಾರೆ ಎಂದುಕೊಳ್ಳುತ್ತಾರೆ. ತಂತ್ರಜ್ಞರಿಗೆ ಮಾತ್ರ ಅದು ಹಬ್ಬ. ಮೆಟ್ಟಿಲ ಮೇಲೆ ನಿಂತರೆ ಪೈಪು, ಸಂದು, ಎಣ್ಣೆ ಜಿನುಗುವ ಜಾಗ, ಎಲ್ಲವೂ ಕಣ್ಣಳತೆಯಲ್ಲಿ. ಆದರೆ ಸಮುದ್ರ ತನ್ನ ಸುಂಕ ಬಿಡುವುದಿಲ್ಲ. ನೀರಿನ ಮೇಲೆ ತಗ್ಗಿನಲ್ಲಿ ನಿಂತು ಬಂದ ಯಂತ್ರದ ಕಂಪ್ರೆಸರ್ ಒಳಗೆ ಉಪ್ಪು ಕೂತಿರುತ್ತದೆ. ಸಿಹಿನೀರು ಹಾಯಿಸಿ ತೊಳೆಯಲೇಬೇಕು. ಹಾರಾಟ ಮುಗಿಸಿ ಪೈಲಟ್‌ಗಳು ಚಹಾ ಕುಡಿಯಲು ಹೋದ ಮೇಲೆ ಯಂತ್ರಕ್ಕೆ ಸ್ನಾನ ಮಾಡಿಸುವವರ ದಿನ ಆರಂಭವಾಗುತ್ತದೆ. ರಕ್ಷಣಾ ಕಾರ್ಯಾಚರಣೆಯ ಫೋಟೊಗಳಲ್ಲಿ ಅವರನ್ನು ನೀವು ನೋಡಿರುವುದಿಲ್ಲ.

ಇನ್ನು ಕ್ಯಾಬಿನ್. ಮುಂದಿನ ಭಾಗ ಹೆಚ್ಚುಕಡಿಮೆ ಪೂರ್ತಿ ಗಾಜು. ಮುಂದೆ ಮೂವರು, ಹಿಂದೆ ನಾಲ್ವರು ಕೂರಬಹುದು. ಹಿಂದಿನ ಸೀಟು ಮಡಚಿದರೆ ಎರಡು ಸ್ಟ್ರೆಚರ್‌ಗಳು ಅಡ್ಡಲಾಗಿ ಹಿಡಿಸುತ್ತವೆ. ಹುಡುಕುವ ಕೆಲಸಕ್ಕೆ ಆ ಗಾಜು ವರ. ಸಮುದ್ರದಲ್ಲಿ ಮನುಷ್ಯ ಎಂದರೆ ಒಂದು ತಲೆ, ಅಷ್ಟೆ. ಅಲೆಯ ಬೆನ್ನ ಮೇಲೆ ಬಂದಾಗ ಕಾಣುತ್ತದೆ, ತಗ್ಗಿಗೆ ಜಾರಿದಾಗ ಮಾಯವಾಗುತ್ತದೆ. ಬಿಳಿನೊರೆ ಎದ್ದ ದಿನವಂತೂ ಪ್ರತಿ ನೊರೆಯೂ ತಲೆಯೇ. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಇದ್ದರೆ ಕಣ್ಣಿಗೆ ಬಿದ್ದೀರಿ; ನೀಲಿ ಅಂಗಿ ತೊಟ್ಟು ಬಿದ್ದರೆ ಹುಡುಕುವವರ ಪಾಡು ಹೇಳತೀರದು. ನಮ್ಮ ಕಡೆಯ ಬೋಟುಗಳಲ್ಲಿ ಲೈಫ್ ಜಾಕೆಟ್ ಇಂಥ ದಿನಕ್ಕೆಂದೇ ಇರುತ್ತದೆ, ಆದರೆ ಮೈಮೇಲಲ್ಲ, ವೀಲ್‌ಹೌಸಿನ ಅಟ್ಟದಲ್ಲಿ, ಪ್ಲಾಸ್ಟಿಕ್ ಚೀಲ ಸಮೇತ.

ನನ್ನ ಬಾಗಿಲಿಗೆ ಬರುತ್ತೇನೆ. ಹಿಂದಿನ ಬಾಗಿಲು ಹಿಂದಕ್ಕೆ ಸರಿಯುತ್ತದೆ. ಸರಿದ ಮೇಲೆ ಸಿಗುವ ಅಗಲ ಆ ಗಾತ್ರದ ಹೆಲಿಕಾಪ್ಟರಿಗೆ ದೊಡ್ಡದು. ಅದರ ಮೇಲ್ಗಡೆ ವಿಂಚ್. ಪೈಲಟ್ ಕೂರುವುದು ಬಲಗಡೆ. ಹಗ್ಗದ ತುದಿಯಲ್ಲಿ ಏನಾಗುತ್ತಿದೆ ಎಂಬುದು ಅವನಿಗೆ ಕಾಣುವುದೇ ಇಲ್ಲ. ಮುಳುಗುತ್ತಿರುವವನು ಹೆಲಿಕಾಪ್ಟರಿನ ಹೊಟ್ಟೆಯ ಕೆಳಗೆ ಬಂದ ಕ್ಷಣದಿಂದ ಪೈಲಟ್ ಕುರುಡ, ನಾನು ಅವನ ಕಣ್ಣು. ತಲೆಯ ಫೋನಿನಲ್ಲಿ ಒಂದೇ ಸಮನೆ ಮಾತು: ಮುಂದೆ ಹತ್ತು, ಎಂಟು, ಐದು, ನಿಧಾನ, ಎಡಕ್ಕೆ ಎರಡು, ಹಾಗೇ ಇರಿ. ಈ ಮಾತು ನಿಲ್ಲಬಾರದು. ಹೇಳಲು ಏನೂ ಇಲ್ಲದಿದ್ದರೂ ‘ಹಾಗೇ ಇರಿ’ ಎನ್ನುತ್ತಿರಬೇಕು. ವಿಂಚ್ ಆಪರೇಟರ್ ಮೌನವಾದರೆ ಏನೋ ಕೆಟ್ಟಿತು ಎಂದು ಪೈಲಟ್ ಭಾವಿಸುತ್ತಾನೆ, ಕೈ ಬಿಗಿಯುತ್ತದೆ, ಹೆಲಿಕಾಪ್ಟರ್ ಅಲುಗುತ್ತದೆ, ಕೆಳಗೆ ಹಗ್ಗದಲ್ಲಿರುವವನು ಗಡಿಯಾರದ ಲೋಲಕವಾಗುತ್ತಾನೆ. ನಿವೃತ್ತನಾಗಿ ಬಂದ ಮೇಲೆ ಮನೆಯಲ್ಲಿ ಕಾರು ಹಿಂದಕ್ಕೆ ತೆಗೆಯುವಾಗ ನಾನು ದಾರಿ ಹೇಳುವ ರೀತಿ ಕೇಳಿ ಮಗಳು ನಗುತ್ತಾಳೆ. ಗೇಟಿಗೆ ತಾಗಿಸಿಲ್ಲ ಎಂಬುದನ್ನು ಮಾತ್ರ ಒಪ್ಪುತ್ತಾಳೆ.

ವಿಂಚಿನ ಮಿತಿ 175 ಕಿಲೊ. ಕೇಳಲು ಧಾರಾಳವಾಗಿದೆ. ಲೆಕ್ಕ ಹಾಕಿ ನೋಡಿ. ಪ್ರಜ್ಞೆ ತಪ್ಪಿದವನನ್ನು ಅಥವಾ ಗಾಬರಿಯಾದವನನ್ನು ಒಬ್ಬನನ್ನೇ ಎತ್ತಲಾಗದು. ಡೈವರ್ ಕೆಳಗಿಳಿದು ಅವನನ್ನು ತಬ್ಬಿಕೊಂಡು ಇಬ್ಬರೂ ಒಟ್ಟಿಗೆ ಮೇಲೆ ಬರಬೇಕು. ಗಟ್ಟಿಮುಟ್ಟಾದ ಡೈವರ್ ಎಂಬತ್ತು ಕಿಲೊ, ದಪ್ಪ ಆಸಾಮಿ ಎಂಬತ್ತೈದು, ಮೇಲೆ ನೀರು ಕುಡಿದ ಬಟ್ಟೆ, ಸಲಕರಣೆ. ಮಿತಿ ಅಲ್ಲಿಗೇ ಮುಟ್ಟಿತು. ಇಡೀ ಯಂತ್ರದ ಲೆಕ್ಕ ಇನ್ನೂ ಬಿಗಿ. ಖಾಲಿ ತೂಕ ಸುಮಾರು 1,150 ಕಿಲೊ, ಏರಬಹುದಾದ ಗರಿಷ್ಠ ತೂಕ 2,200. ಟ್ಯಾಂಕಿನ 575 ಲೀಟರ್ ಇಂಧನವೇ ನಾಲ್ಕೂವರೆ ಕ್ವಿಂಟಲ್ ಹತ್ತಿರ ಆಗುತ್ತದೆ. ಇಬ್ಬರು ಪೈಲಟ್‌ಗಳು, ವಿಂಚ್ ಆಪರೇಟರ್, ಡೈವರ್ ಹತ್ತಿ ಕುಳಿತರೆ ಮೂರು ಕ್ವಿಂಟಲ್‌ಗೂ ಮೇಲೆ. ವಿಂಚು, ಸ್ಟ್ರೆಚರ್ ಇತ್ಯಾದಿಗಳನ್ನು ಸೇರಿಸಿದರೆ ಉಳಿಯುವುದು ಇಬ್ಬರಿಗೆ, ಬಹಳವೆಂದರೆ ಮೂವರಿಗೆ ಜಾಗ. ಇಂಧನ ಕಡಿಮೆ ಹಾಕಿಕೊಂಡು ಹೋದರೆ ಹೆಚ್ಚು ಜನರನ್ನು ಎತ್ತಬಹುದು, ಆದರೆ ಹುಡುಕಲು ಸಮಯ ಸಾಲುವುದಿಲ್ಲ. ತುಂಬಿಸಿಕೊಂಡು ಹೋದರೆ ಹುಡುಕಬಹುದು, ಸಿಕ್ಕವರನ್ನೆಲ್ಲ ತರಲಾಗುವುದಿಲ್ಲ. ಬೋಟಿನಲ್ಲಿ ಎಂಟು ಮಂದಿ ಇದ್ದಾರೆ ಎಂಬ ಸುದ್ದಿ ಬಂದ ಬೆಳಿಗ್ಗೆ ಬ್ರೀಫಿಂಗ್ ಕೋಣೆಯಲ್ಲಿ ನಡೆಯುವ ಚರ್ಚೆಯೆಲ್ಲ ಈ ಎರಡು ವಾಕ್ಯಗಳ ನಡುವಿನದು.

2018ರ ಆಗಸ್ಟ್‌ನಲ್ಲಿ ಕೇರಳ ಮುಳುಗಿದಾಗ ನೌಕಾಪಡೆಯ ಕ್ಯಾಪ್ಟನ್ ಪಿ. ರಾಜ್‌ಕುಮಾರ್ ಓಡಿಸುತ್ತಿದ್ದ ಸೀ ಕಿಂಗ್ ಮರಗಳ ನಡುವಿನ ಒಂದು ಮನೆಯ ಮೇಲಿಂದ 26 ಜನರನ್ನು ಎತ್ತಿತು. ಅದು ಬೇರೆ ಜಾತಿಯ ಪ್ರಾಣಿ, ಎರಡು ಎಂಜಿನ್, ಚೇತಕ್‌ಗಿಂತ ನಾಲ್ಕೈದು ಪಟ್ಟು ತೂಕ. ಅದೇ ಮನೆಗೆ ಚೇತಕ್ ಹೋಗಿದ್ದರೆ ಕತ್ತಲಾಗುವವರೆಗೂ ಸುತ್ತು ಹೊಡೆಯಬೇಕಿತ್ತು. ಚೇತಕ್‌ಗೂ ಅದರದೇ ಆದ ಮೇಲುಗೈ ಇದೆ ಎನ್ನಿ. ಅದರ ರೋಟರಿನ ವ್ಯಾಸ 11 ಮೀಟರ್. ಸೀ ಕಿಂಗ್ ಬಗ್ಗಲಾಗದ ಸಂದಿಗೆ ಇದು ನುಗ್ಗುತ್ತದೆ. ರೋಟರ್ ಕೆಳಕ್ಕೆ ತಳ್ಳುವ ಗಾಳಿಯೂ ಕಡಿಮೆ. ಭಾರದ ಹೆಲಿಕಾಪ್ಟರ್ ಮೇಲೆ ಬಂದು ನಿಂತರೆ ನೀರಿನಲ್ಲಿರುವವನ ಮುಖಕ್ಕೆ ಸೂಜಿ ಚುಚ್ಚಿದ ಹಾಗೆ ತುಂತುರು ಹೊಡೆಯುತ್ತದೆ, ರಬ್ಬರ್ ತೆಪ್ಪ ಮಗುಚಿಕೊಳ್ಳುವ ಅಪಾಯವೂ ಇದೆ. ಚೇತಕ್ ಅಷ್ಟು ನಿರ್ದಯಿಯಲ್ಲ.

ಈಗ ದೊಡ್ಡ ದೂರು. ಒಂದೇ ಎಂಜಿನ್.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಂಜಿನ್ ನಿಂತರೆ ಹೆಲಿಕಾಪ್ಟರ್ ಕಲ್ಲಿನಂತೆ ಬೀಳುತ್ತದೆ ಎಂದು ಜನ ತಿಳಿದಿದ್ದಾರೆ. ಹಾಗಲ್ಲ. ಎತ್ತರವಿದ್ದರೆ ಕೆಳಗಿನಿಂದ ನುಗ್ಗುವ ಗಾಳಿಯೇ ರೋಟರನ್ನು ತಿರುಗಿಸುತ್ತದೆ, ಪೈಲಟ್ ಮೆಲ್ಲನೆ ಇಳಿಸಬಲ್ಲ. 1972ರ ಜೂನ್ 21ರಂದು ಫ್ರಾನ್ಸಿನ ಜಾನ್ ಬೂಲೆ ಎಂಬ ಪೈಲಟ್ ಲಾಮಾ ಹೆಲಿಕಾಪ್ಟರಿನಲ್ಲಿ 12,442 ಮೀಟರ್ ಎತ್ತರಕ್ಕೆ ಏರಿದ. ಲಾಮಾ ಎಂದರೆ ನಮ್ಮ ಚೀತಾ, ಅದಕ್ಕೂ ಆರ್ಟೂಸ್ಟ್ ಎಂಜಿನ್ನೇ. ಅಲ್ಲಿ ಎಂಜಿನ್ ಆರಿಹೋಯಿತು, ಮತ್ತೆ ಹತ್ತಲಿಲ್ಲ. ಅಷ್ಟು ಎತ್ತರದಿಂದ ರೋಟರನ್ನು ಗಾಳಿಗೆ ಬಿಟ್ಟು ಅವನು ಕ್ಷೇಮವಾಗಿ ನೆಲ ಮುಟ್ಟಿದ. ಹನ್ನೆರಡು ಸಾವಿರ ಮೀಟರ್‌ನಿಂದ ಬದುಕಿ ಬರಬಹುದು. ಹದಿನೈದು ಮೀಟರ್‌ನಿಂದ ಕಷ್ಟ. ರೋಟರ್ ವೇಗ ಹಿಡಿಯಲು ಬೇಕಾದ ಎತ್ತರವೂ ಇಲ್ಲ, ಮುಂದಕ್ಕೆ ಓಡುವ ವೇಗವೂ ಇಲ್ಲ. ಪೈಲಟ್‌ಗಳ ಕೈಪಿಡಿಯಲ್ಲಿ ಎತ್ತರ ಮತ್ತು ವೇಗದ ಒಂದು ನಕ್ಷೆ ಇರುತ್ತದೆ. ಇಷ್ಟು ತಗ್ಗಿನಲ್ಲಿ ಇಷ್ಟು ನಿಧಾನವಾಗಿ ಇರಬೇಡಿ ಎಂದು ಅದರಲ್ಲಿ ಒಂದು ಭಾಗಕ್ಕೆ ಗೆರೆ ಎಳೆದು ತುಂಬಿರುತ್ತಾರೆ. ವಿಂಚ್ ಕೆಲಸ ಪೂರ್ತಿ ನಡೆಯುವುದು ಆ ಗೆರೆಗಳ ಒಳಗೆ. ಹಗ್ಗದಲ್ಲಿ ಮನುಷ್ಯ ಇರುವಷ್ಟು ಹೊತ್ತು ನಮ್ಮೆಲ್ಲರ ಜೀವ ಆ ಒಂದು ಎಂಜಿನ್ನಿನ ಮರ್ಜಿಯಲ್ಲಿ. ಆರ್ಟೂಸ್ಟ್ ನಂಬಿಕೆಗೆ ಅರ್ಹವಾದದ್ದು, ಇಲ್ಲದಿದ್ದರೆ ಈ ವಿಮರ್ಶೆಯನ್ನು ಬೇರೆ ಯಾರಾದರೂ ಬರೆಯಬೇಕಾಗುತ್ತಿತ್ತು. ನಂಬಿಕೆ ಎಷ್ಟೇ ಇದ್ದರೂ ಅದು ಎರಡನೆಯ ಎಂಜಿನ್‌ಗೆ ಸಮನಾಗುವುದಿಲ್ಲ.

ರಾತ್ರಿಯ ಮಾತು ಅದಕ್ಕೆ ಸೇರಿಕೊಂಡದ್ದು. ಒಂದೇ ಜಾಗದಲ್ಲಿ ನಿಲ್ಲಲು ಪೈಲಟ್‌ಗೆ ನೋಡಲು ಏನಾದರೂ ಬೇಕು: ದಡದ ಒಂದು ತೆಂಗಿನಮರ, ಹಡಗಿನ ಕಂಬ, ಕೊನೆಗೆ ತೇಲುವ ಒಂದು ಡಬ್ಬ. ಹಗಲಲ್ಲಿಯೂ ತೆರೆದ ಸಮುದ್ರದಲ್ಲಿ ಇದು ಸುಲಭವಲ್ಲ. ಅಲೆ ಸರಿಯುತ್ತದೆ, ನಾವೇ ಸರಿದೆವೇನೋ ಎಂದು ಕಣ್ಣು ಮೋಸ ಹೋಗುತ್ತದೆ. ರಾತ್ರಿ ಮೇಲೂ ಕಪ್ಪು, ಕೆಳಗೂ ಕಪ್ಪು. ಈಗಿನ ಧ್ರುವ್ ಮಾರ್ಕ್ 3ರಂಥವುಗಳಲ್ಲಿ ಯಂತ್ರವೇ ತನ್ನನ್ನು ನಿಂತ ಜಾಗದಲ್ಲಿ ಹಿಡಿದುಕೊಳ್ಳುತ್ತದೆ, ಮೂಗಿನಲ್ಲಿ ರೇಡಾರ್ ಇದೆ, ಕತ್ತಲಲ್ಲಿ ದೇಹದ ಶಾಖ ಕಾಣಿಸುವ ಕ್ಯಾಮೆರಾ ಇದೆ. ಚೇತಕ್‌ನಲ್ಲಿ ಇರುವುದು ಪೈಲಟ್‌ನ ಎರಡು ಕೈ, ಎರಡು ಕಾಲು, ಪಕ್ಕದವನ ಕಣ್ಣು. ಸಂಜೆ ಕತ್ತಲಾಗುವ ಮೊದಲು ಸಿಗದವನನ್ನು ಬೆಳಗಾಗುವವರೆಗೆ ಸಮುದ್ರಕ್ಕೆ ಬಿಟ್ಟು ಬರಬೇಕು. ಹಿಂದಿರುಗುವ ಹಾದಿಯಲ್ಲಿ ಹೆಡ್‌ಫೋನಿನಲ್ಲಿ ಯಾರೂ ಮಾತನಾಡುತ್ತಿರಲಿಲ್ಲ. ದಡದಲ್ಲಿ ಕಾಯುವ ಮನೆಯವರಿಗೆ ಇದನ್ನು ವಿವರಿಸುವ ಕೆಲಸ ನನ್ನದಾಗಿರಲಿಲ್ಲ, ಪುಣ್ಯಕ್ಕೆ.

ಸೇವಾ ದಾಖಲೆ ಇಲ್ಲದೆ ವಿಮರ್ಶೆ ಪೂರ್ಣವಾಗದು, ಹಾಗಾಗಿ ಹಳೆಯ ಕಥೆಗೂ ಸ್ವಲ್ಪ ಜಾಗ. ನೌಕಾಪಡೆಯ 321ನೇ ಸ್ಕ್ವಾಡ್ರನ್ ಹುಟ್ಟಿದ್ದು 1969ರಲ್ಲಿ, ಇದೇ ಹೆಲಿಕಾಪ್ಟರಿನೊಂದಿಗೆ. ಅಡ್ಡಹೆಸರು ‘ಏಂಜೆಲ್ಸ್’. ಅದರ ಮೊದಲ ದೊಡ್ಡ ಜವಾಬ್ದಾರಿ ವಿಮಾನವಾಹಕ ನೌಕೆ ವಿಕ್ರಾಂತ್ ಮೇಲೆ. 1971ರ ಡಿಸೆಂಬರ್‌ನಲ್ಲಿ ವಿಕ್ರಾಂತ್‌ನ ಸೀ ಹಾಕ್‌ಗಳು ಕಾಕ್ಸ್ ಬಜಾರ್, ಚಿತ್ತಗಾಂಗ್‌ಗಳ ಮೇಲೆ ದಾಳಿ ಮಾಡಿದ್ದನ್ನು ಎಲ್ಲರೂ ಓದಿರುತ್ತಾರೆ. ಆ ವಿಮಾನಗಳು ಏರುವ ಮೊದಲು ಏರಿ, ಅವೆಲ್ಲ ಇಳಿದ ಮೇಲೆ ಇಳಿಯುವ ಒಂದು ಚಿಕ್ಕ ಹೆಲಿಕಾಪ್ಟರ್ ಹಡಗಿನ ಪಕ್ಕದಲ್ಲಿ ಇರುತ್ತದೆ. ವಿಮಾನವನ್ನು ಡೆಕ್ಕಿನಿಂದ ಚಿಮ್ಮಿಸುವ ಕ್ಯಾಟಪಲ್ಟ್ ಕೈಕೊಟ್ಟು ಅಥವಾ ಇಳಿಯುವಾಗ ಅದನ್ನು ತಡೆದು ನಿಲ್ಲಿಸುವ ಹಗ್ಗ ತಪ್ಪಿ ವಿಮಾನ ನೀರಿಗೆ ಬಿದ್ದರೆ, ಪೈಲಟ್‌ನನ್ನು ಕೆಲವೇ ನಿಮಿಷಗಳಲ್ಲಿ ಎತ್ತುವುದಕ್ಕೆ. ಇದಕ್ಕೆ ಪ್ಲೇನ್ ಗಾರ್ಡ್ ಎನ್ನುತ್ತಾರೆ. ಎಲ್ಲವೂ ಸರಿಯಾಗಿ ನಡೆದರೆ ಏನೂ ಮಾಡದೆ ಇಳಿದು ಬರುವ ಕೆಲಸ, ಬೇಸರದ ಪರಮಾವಧಿ. ಜೆಟ್ ಪೈಲಟ್‌ಗಳು ಮಾತ್ರ ಆ ಬೇಸರಕ್ಕೆ ಬಹಳ ಮರ್ಯಾದೆ ಕೊಡುತ್ತಿದ್ದರು.

ಅದೇ ಯುದ್ಧದಲ್ಲಿ ಈ ಸಾಧು ಯಂತ್ರ ಬೇರೆ ಅವತಾರವನ್ನೂ ತಾಳಿತು. ನಾಗಾಲ್ಯಾಂಡಿನ ದೀಮಾಪುರದಲ್ಲಿ ಬಾಂಗ್ಲಾದೇಶದ ಪೈಲಟ್‌ಗಳಿಗಾಗಿ ಕಟ್ಟಿದ ‘ಕಿಲೊ ಫ್ಲೈಟ್’ಗೆ ಭಾರತ ಕೊಟ್ಟ ವಿಮಾನಗಳಲ್ಲಿ ಒಂದು ಆಲುಎಟ್ ಇತ್ತು, ರಾಕೆಟ್ ಮತ್ತು ಮೆಷಿನ್ ಗನ್ ಕಟ್ಟಿಸಿಕೊಂಡು. ಡಿಸೆಂಬರ್ 3ರ ರಾತ್ರಿ ಸುಲ್ತಾನ್ ಮಹಮೂದ್ ಅದನ್ನು ನಾರಾಯಣಗಂಜ್‌ಗೆ ಹಾರಿಸಿ ತೈಲ ಸಂಗ್ರಹಾಗಾರಕ್ಕೆ ಬೆಂಕಿ ಇಟ್ಟರು. ಮುಂದೆ ನೀಲಗಿರಿ ವರ್ಗದ ಯುದ್ಧನೌಕೆಗಳ ಚಿಕ್ಕ ಡೆಕ್‌ಗಳ ಮೇಲೂ ಚೇತಕ್ ಕುಳಿತಿತು, ಸಬ್‌ಮರೀನ್‌ಗಳಿಗೆ ಹಾಕುವ ಟಾರ್ಪಿಡೊ ಹೊತ್ತುಕೊಂಡು. ಹೊರಲಾರೆ ಎಂದು ಅದು ಎಂದೂ ಹೇಳದಿದ್ದುದೇ ಅದಕ್ಕೆ ಮುಳುವಾಯಿತೇನೋ ಎಂದು ನನಗೆ ಅನ್ನಿಸಿದ್ದುಂಟು. ಅರಕ್ಕೋಣದ ರಾಜಾಳಿ ನೆಲೆಯಲ್ಲಿ ನೌಕಾಪಡೆಯ ಹೆಲಿಕಾಪ್ಟರ್ ಪೈಲಟ್‌ಗಳು ಹಾರಲು ಕಲಿತದ್ದೂ ಇದರ ಮೇಲೆಯೇ. ಅಲ್ಲಿ ಕಲಿತು ಸೀ ಕಿಂಗ್‌ಗೆ ಹೋದವರಿಗೆ ಒಂದು ತಮಾಷೆಯ ತೊಂದರೆ ಕಾದಿರುತ್ತಿತ್ತು. ಫ್ರೆಂಚ್ ಯಂತ್ರದ ರೋಟರ್ ಮೇಲಿನಿಂದ ನೋಡಿದರೆ ಪ್ರದಕ್ಷಿಣೆ ಬರುತ್ತದೆ, ಸೀ ಕಿಂಗ್‌ನದು ಅಪ್ರದಕ್ಷಿಣೆ. ಕಾಲುಗಳಿಗೆ ಆದ ಅಭ್ಯಾಸವನ್ನೆಲ್ಲ ಅದಲುಬದಲು ಮಾಡಿಕೊಳ್ಳಬೇಕು.

ಕರಾವಳಿ ಕಾವಲು ಪಡೆ ತನ್ನ ಮೊದಲ ವಾಯು ಸ್ಕ್ವಾಡ್ರನ್ ಆರಂಭಿಸಿದ್ದು 1982ರ ಮೇ 22ರಂದು, ಗೋವೆಯಲ್ಲಿ. ಅದೂ ಚೇತಕ್‌ಗಳಿಂದಲೇ. ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಮೀನುಗಾರರಿಗೆ ಬಿಳಿ ಮೈಯ ಹೆಲಿಕಾಪ್ಟರ್ ಪರಿಚಯವಾದದ್ದು ಆ ನಂತರ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ರಜೆ. ಆಗಸ್ಟ್ ಒಂದರ ಹೊತ್ತಿಗೆ ಸಾಲದ ಕಂತು ಕುತ್ತಿಗೆಗೆ ಬಂದಿರುತ್ತದೆ, ಸಮುದ್ರ ಇನ್ನೂ ಶಾಂತವಾಗಿರುವುದಿಲ್ಲ, ಬೋಟುಗಳು ಹೊರಟುಬಿಡುತ್ತವೆ. ನಮ್ಮ ಗಿರಾಕಿಗಳು ಹೆಚ್ಚಾಗಿ ಸಿಗುತ್ತಿದ್ದುದು ಆಗಲೇ. ಎಂಜಿನ್ ಕೆಟ್ಟು ತೇಲುತ್ತಿದ್ದ ಬೋಟೊಂದರಿಂದ ಎದೆನೋವಿನ ತಾಂಡೇಲನೊಬ್ಬನನ್ನು, ಅಂದರೆ ಬೋಟಿನ ಮುಖ್ಯಸ್ಥನನ್ನು, ಎತ್ತಬೇಕಾಗಿತ್ತು. ಬೋಟಿನ ಕಂಬ, ತಂತಿ, ಬಲೆ ಎಳೆಯುವ ಗ್ಯಾಲೋಸ್ ಎಲ್ಲ ಅಲೆಗೆ ಓಲಾಡುತ್ತಿದ್ದರೆ ಅವುಗಳ ನಡುವೆ ಹಗ್ಗ ಇಳಿಸುವುದು ನೀರಿಗೆ ಇಳಿಸುವುದಕ್ಕಿಂತ ಕಷ್ಟ. ಡೈವರ್ ಪಂಜಾಬಿನವನು, ಬೋಟಿನಲ್ಲಿದ್ದವರಿಗೆ ಕೊಂಕಣಿ ಬಿಟ್ಟರೆ ಬೇರೆ ಮಾತು ಬಾರದು. ಮಾತು ಬಂದಿದ್ದರೂ ಆ ಸದ್ದಿನಲ್ಲಿ ಕೇಳುತ್ತಿರಲಿಲ್ಲ, ಕೈಸನ್ನೆಯೇ ಗತಿ. ತಾಂಡೇಲ ಮೇಲೆ ಬಂದ. ಒಳಗೆ ಮಲಗಿಸಿದ ಮೇಲೆ ನೋಡಿದರೆ ಒಂದು ಕೈಯ ಮುಷ್ಟಿ ಬಿಗಿದೇ ಇದೆ. ಬಿಡಿಸಿ ನೋಡಿದರೆ ಬೋಟಿನ ಎಂಜಿನ್ ಬೀಗದ ಕೈ. ಹುಡುಗರು ತಾನಿಲ್ಲದಾಗ ಅದನ್ನು ಚಾಲೂ ಮಾಡಿ ಪೂರ್ತಿ ಕೆಡಿಸಿಯಾರು ಎಂದು ತಂದಿದ್ದನಂತೆ.

ಇಷ್ಟೆಲ್ಲ ದುಡಿದ ಯಂತ್ರಕ್ಕೆ 2022ರ ಏಪ್ರಿಲ್ 2ರಂದು ಹಕೀಂಪೇಟೆಯ ವಾಯುನೆಲೆಯಲ್ಲಿ ವಜ್ರಮಹೋತ್ಸವ ನಡೆಯಿತು. ರಕ್ಷಣಾ ಸಚಿವರು ಬಂದು ಭಾಷಣ ಮಾಡಿದರು. ಅರವತ್ತು ವರ್ಷದ ಸೇವೆಗೆ ಹಾರ ಹಾಕುವುದು ಸರಿ. ಅರವತ್ತನೆಯ ವರ್ಷದಲ್ಲಿಯೂ ಕೆಲಸಕ್ಕೆ ಕಳುಹಿಸುತ್ತಿದ್ದೇವೆ ಎಂಬುದನ್ನು ಹೆಮ್ಮೆಯ ಪಟ್ಟಿಗೆ ಸೇರಿಸುವುದು ನನಗೆ ಸರಿ ಕಾಣಲಿಲ್ಲ. ಐರ್ಲೆಂಡ್ ತನ್ನ ಆಲುಎಟ್‌ಗಳನ್ನು 2007ರಲ್ಲಿ, ಸ್ವಿಟ್ಜರ್ಲೆಂಡ್ 2010ರಲ್ಲಿ, ಪೋರ್ಚುಗಲ್ 2020ರಲ್ಲಿ ನಿವೃತ್ತಿಗೊಳಿಸಿದವು. ತವರುಮನೆಯಾದ ಫ್ರಾನ್ಸಿನ ನೌಕಾಪಡೆಯೂ 2022ರ ಕೊನೆಯವರೆಗೆ ಇಟ್ಟುಕೊಂಡಿತ್ತು, ಅದನ್ನು ಒಪ್ಪುತ್ತೇನೆ. ನಮ್ಮಲ್ಲಿ ನೌಕಾಪಡೆಗೆ 111 ಹೊಸ ಹೆಲಿಕಾಪ್ಟರ್ ಕೊಳ್ಳಲು ಸರಕಾರದ ಒಪ್ಪಿಗೆ ಸಿಕ್ಕಿದ್ದು 2018ರ ಆಗಸ್ಟ್‌ನಲ್ಲಿ, ಎರಡು ಎಂಜಿನ್ ಇರುವಂಥವಕ್ಕೆ. ಒಪ್ಪಿಗೆಗೂ ಡೆಕ್ಕಿಗೂ ನಡುವಿನ ದೂರವನ್ನು ಇಲ್ಲಿ ದಶಕಗಳಲ್ಲಿ ಅಳೆಯುತ್ತಾರೆ. 2023ರ ನವೆಂಬರ್ 4ರಂದು ಕೊಚ್ಚಿಯ ಗರುಡ ನೆಲೆಯ ರನ್‌ವೇ ಮೇಲೆ ಚೇತಕ್ ಅಪಘಾತವಾಗಿ ನೆಲದ ಮೇಲಿದ್ದ ಸಿಬ್ಬಂದಿಯೊಬ್ಬರು ಸತ್ತರು. ಮೆಟ್ಟಿಲ ಮೇಲೆ ನಿಂತು ಎಂಜಿನ್ ನೋಡಿಕೊಳ್ಳುವವರ ಬಳಗದ ಹುಡುಗ. ಆ ದಿನ ನನ್ನ ಹಳೆಯ ಜೊತೆಗಾರರ ಫೋನುಗಳು ಒಂದರ ಹಿಂದೆ ಒಂದು ಬಂದವು. ಹೆಚ್ಚು ಹೊತ್ತು ಯಾರೂ ಮಾತನಾಡಲಿಲ್ಲ.

ಹಾಗೆಂದು ಹೊಸದೆಲ್ಲ ಒಳ್ಳೆಯದು ಎಂದು ನಾನು ಹೇಳುವವನಲ್ಲ. ಧ್ರುವ್ ಎಲ್ಲ ರೀತಿಯಲ್ಲೂ ಮೇಲು, ಎರಡು ಎಂಜಿನ್, ಚೇತಕ್‌ನ ಎರಡೂವರೆ ಪಟ್ಟು ತೂಕ. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ್ ಬಿದ್ದು ಮೂವರು ತೀರಿಕೊಂಡರು, ಆಮೇಲೆ ಎಲ್ಲ ಪಡೆಗಳ ಧ್ರುವ್‌ಗಳನ್ನೂ ನೆಲಕ್ಕೆ ಕಟ್ಟಿಹಾಕಲಾಯಿತು. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿ 6ರಂದು ಎಚ್‌ಎಎಲ್‌ನ ಹೊಸ ಕಾರ್ಖಾನೆ ಉದ್ಘಾಟನೆಯಾಗಿದೆ. ಚೇತಕ್, ಚೀತಾಗಳ ಜಾಗಕ್ಕೆ ಬರಬೇಕಾದ ಎಲ್‌ಯುಎಚ್ (ಲೈಟ್ ಯುಟಿಲಿಟಿ ಹೆಲಿಕಾಪ್ಟರ್) ಅಲ್ಲಿ ತಯಾರಾಗಬೇಕು. 2016ರಲ್ಲಿ ಮೊದಲ ಸಲ ಹಾರಿದ ಒಳ್ಳೆಯ ಯಂತ್ರ ಅದು. ಬೆಟ್ಟಗಳಿಗೆ, ಸೇನೆಗೆ ಹೇಳಿ ಮಾಡಿಸಿದ್ದು. ಸಮುದ್ರದವನಾಗಿ ನನ್ನ ಮೊದಲ ಪ್ರಶ್ನೆ ಎಂಜಿನ್ ಎಷ್ಟು ಎಂಬುದು. ಉತ್ತರ: ಒಂದು.

ಈಗ ಬಳಕೆಯ ಸೂಚನೆಗಳು. ಯಾವ ಸರಕಿನ ಜೊತೆಯೂ ಒಂದು ಚೀಟಿ ಬರುತ್ತದೆ, ಇದಕ್ಕೆ ಮಾತ್ರ ಗಿರಾಕಿಯ ಕೈಗೆ ಯಾರೂ ಚೀಟಿ ಕೊಡುವುದಿಲ್ಲ. ಚೇತಕ್ ಇರಲಿ, ಧ್ರುವ್ ಇರಲಿ, ಸೀ ಕಿಂಗ್ ಇರಲಿ, ನಿಯಮ ಒಂದೇ.

ಹೆಲಿಕಾಪ್ಟರ್ ಮೇಲೆ ಬಂದು ನಿಂತು ಕೊಕ್ಕೆ ಇಳಿಯುತ್ತಿರುವಾಗ ಹಾರಿ ಹಿಡಿಯಬೇಡಿ. ತಿರುಗುವ ರೋಟರಿನಿಂದ ಯಂತ್ರದ ಮೈಯಲ್ಲಿ ವಿದ್ಯುತ್ ತುಂಬಿಕೊಂಡಿರುತ್ತದೆ. ಹಗ್ಗದ ತುದಿ ಮೊದಲು ನೀರಿಗೋ ಬೋಟಿನ ಕಬ್ಬಿಣಕ್ಕೋ ತಾಗಲಿ, ಆ ವಿದ್ಯುತ್ ಇಳಿದುಹೋಗಲಿ. ಇಲ್ಲದಿದ್ದರೆ ಅದು ಇಳಿಯುವುದು ನಿಮ್ಮ ಮೂಲಕ. ಸಾಯುವುದಿಲ್ಲ, ಆದರೆ ಒದೆತ ಚೆನ್ನಾಗಿಯೇ ಬೀಳುತ್ತದೆ. ಕೊಕ್ಕೆಯನ್ನು ಬೋಟಿನ ಯಾವ ಭಾಗಕ್ಕೂ ಸಿಕ್ಕಿಸಬೇಡಿ. ಭದ್ರವಾಗಿರಲಿ ಎಂಬ ಒಳ್ಳೆಯ ಬುದ್ಧಿಯಿಂದ ಕಂಬಕ್ಕೆ ಸುತ್ತಲು ಹೊರಟವರನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಹೆಲಿಕಾಪ್ಟರ್ ಬೋಟಿಗೆ ಕಟ್ಟಿದ ಹಸುವಾಗುತ್ತದೆ. ನನ್ನ ಕೈಯಳತೆಯಲ್ಲಿ ಹಗ್ಗ ಕತ್ತರಿಸುವ ಗುಂಡಿ ಇದೆ, ಒತ್ತದೆ ಬೇರೆ ದಾರಿ ಇರುವುದಿಲ್ಲ, ನಿಮ್ಮ ಸರದಿ ಅಲ್ಲಿಗೆ ಮುಗಿಯುತ್ತದೆ.

ಡೈವರ್ ಇಳಿದು ಬಂದರೆ ಅವನು ಹೇಳಿದ್ದನ್ನು ಮಾಡಿ, ಅವನನ್ನು ತಬ್ಬಿ ಮುಳುಗಿಸಬೇಡಿ. ಡೈವರ್ ಇಲ್ಲದೆ ಬರೀ ಸ್ಟ್ರಾಪ್, ಅಂದರೆ ಮೈಗೆ ಹಾಕಿಕೊಳ್ಳುವ ಪಟ್ಟಿಯ ಕುಣಿಕೆ, ಬಂದರೆ ಅದನ್ನು ತಲೆಯ ಮೇಲಿಂದ ಹಾಕಿ, ಎರಡೂ ಕೈಗಳನ್ನು ಒಳಗಿಂದ ಹೊರಕ್ಕೆ ತೆಗೆದು, ಕಂಕುಳ ಕೆಳಗೆ, ಬೆನ್ನಿನ ಹಿಂದಕ್ಕೆ ಬರುವಂತೆ ಸರಿಪಡಿಸಿಕೊಳ್ಳಿ. ಸಿದ್ಧ ಎಂದು ಹೆಬ್ಬೆರಳು ತೋರಿಸಿ. ಆಮೇಲೆ ಕೈಗಳು ಕೆಳಗೆ, ಮೈಗೆ ಅಂಟಿಕೊಂಡಿರಲಿ. ಹೆದರಿದವರ ಕೈ ತಾನಾಗಿ ಮೇಲಕ್ಕೆ ಹೋಗುತ್ತದೆ, ಹಗ್ಗ ಹಿಡಿಯಲು, ಬಾಗಿಲು ಹಿಡಿಯಲು, ದೇವರನ್ನು ಕರೆಯಲು. ಕೈ ಮೇಲಕ್ಕೆ ಹೋದರೆ ಒದ್ದೆ ಮೈ ಸ್ಟ್ರಾಪಿನಿಂದ ಜಾರುತ್ತದೆ. ಕೈ ಕಟ್ಟಿಕೊಂಡು ದೇವರನ್ನು ಕರೆದರೂ ಸಾಕು.

ಬಾಗಿಲ ಮಟ್ಟಕ್ಕೆ ಬಂದಾಗ ನೀವಾಗಿ ಒಳಗೆ ಹತ್ತಲು ಹೋಗಬೇಡಿ. ಅಲ್ಲಿ ಮಂಡಿಯೂರಿದವನು ನಿಮ್ಮನ್ನು ಹಿಡಿದು ತಿರುಗಿಸುತ್ತಾನೆ, ಮುಖ ಸಮುದ್ರಕ್ಕೆ, ಬೆನ್ನು ಅವನಿಗೆ. ಯಾಕೆ ಹಿಂದುಮುಂದಾಗಿ ತಿರುಗಿಸುತ್ತಿದ್ದಾನೆ ಎಂದು ಸೆಣಸಬೇಡಿ. ಕಾಲು ಸಡಿಲ ಬಿಡಿ. ಅವನು ಹಗ್ಗ ಸ್ವಲ್ಪ ಸಡಿಲಿಸಿ ಹಿಂದಕ್ಕೆ ಎಳೆದುಕೊಳ್ಳುತ್ತಾನೆ, ನೀವು ಕ್ಯಾಬಿನ್ನಿನ ನೆಲದ ಮೇಲೆ ಕುಳಿತಿರುತ್ತೀರಿ. ಅವನು ಬಿಚ್ಚುವವರೆಗೆ ಸ್ಟ್ರಾಪ್ ಮುಟ್ಟಬೇಡಿ.